ಅಂಗಡಿ ಕೆಲಸದವರ ಯೂನಿಫಾರ್ಮ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 11 ವರ್ಷ ಅಂಗಡಿಗಳಲ್ಲಿ ಕೆಲಸ ಮಾಡಿದವಳು. ಬಿಲ್ಲಿಂಗ್ ಕೌಂಟರ್, ಬಟ್ಟೆ ವಿಭಾಗ, ಗೋಡೌನ್, ಮೂರೂ ಕಡೆ. ಕೆಲಸ ಬಿಟ್ಟಿದ್ದೇನೆ, ಆದರೆ ಆ ಕೆಲಸದವರ ಜೊತೆ ಮಾತು ಬಿಟ್ಟಿಲ್ಲ. ಪತ್ರ ಬರೆಯುತ್ತಾರೆ, ಫೋನ್ ಮಾಡುತ್ತಾರೆ, ಎದುರು ಸಿಕ್ಕಾಗ ಕೇಳುತ್ತಾರೆ. ಸಂಬಳದ ಮಾತು ಎಷ್ಟು ಬರುತ್ತದೋ ಬಟ್ಟೆಯ ಮಾತೂ ಅಷ್ಟೇ ಬರುತ್ತದೆ. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಬರೆದ ಮೇಲೆ ಎಲ್ಲವನ್ನೂ ಒಂದು ಕಡೆ ಸೇರಿಸೋಣ ಅನ್ನಿಸಿತು.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಯೂನಿಫಾರ್ಮ್ ಅನ್ನೋದು ಕೆಲಸದ ಸಾಮಾನು. ಏಣಿ, ತಳ್ಳುಗಾಡಿ, ಬಿಲ್ಲಿಂಗ್ ಮೆಷಿನ್ ಇದ್ದ ಹಾಗೆ. ಏಣಿಯ ಕಾಲು ಅಲ್ಲಾಡಿದರೆ ಏಣಿ ಬದಲಾಯಿಸುತ್ತಾರೆ. ಬಟ್ಟೆಯಿಂದ ಕೆಲಸ ಕಷ್ಟ ಆದರೆ ಮಾತ್ರ ಹೊಂದಿಕೊಂಡು ಹೋಗಿ ಅನ್ನುತ್ತಾರೆ. ಇದು ತಪ್ಪು.

## ಶುರುವಿನ ಪ್ರಶ್ನೆಗಳು

ಯೂನಿಫಾರ್ಮ್, ಡ್ರೆಸ್ ಕೋಡ್ ಎರಡೂ ಒಂದೇ ಅಲ್ವಾ?

ಅಲ್ಲ. ಯೂನಿಫಾರ್ಮ್ ಅಂದರೆ ಅಂಗಡಿಯವರೇ ಆರಿಸಿದ ಬಟ್ಟೆ. ಅದರ ಮೇಲೆ ಅಂಗಡಿಯ ಹೆಸರೋ ಲೋಗೋನೋ ಇರುತ್ತದೆ, ಕೆಲಸ ಬಿಟ್ಟರೆ ಬೇರೆಲ್ಲೂ ಹಾಕಿಕೊಳ್ಳೋಕೆ ಬರಲ್ಲ. ಡ್ರೆಸ್ ಕೋಡ್ ಅಂದರೆ ನಿಯಮ ಅವರದು, ಬಟ್ಟೆ ನಿಮ್ಮದು. ಕಪ್ಪು ಪ್ಯಾಂಟ್, ಬಿಳಿ ಶರ್ಟ್, ಕಪ್ಪು ಶೂ, ಕೂದಲು ಕಟ್ಟಿರಬೇಕು, ಹೀಗೆ.

ಕೇಳೋಕೆ ಡ್ರೆಸ್ ಕೋಡ್ ಸಡಿಲ ಅನ್ನಿಸುತ್ತದೆ. ಆದರೆ ಖರ್ಚೆಲ್ಲ ನಿಮ್ಮ ತಲೆಗೇ ಬರುತ್ತದೆ. ಹರಿದರೆ ನಿಮ್ಮದು, ಬಣ್ಣ ಬಿಟ್ಟರೆ ನಿಮ್ಮದು, ಸೋಲ್ ಕಿತ್ತರೆ ನಿಮ್ಮದು. ಕಪ್ಪು ಅಂದರೆ ಎಷ್ಟು ಕಪ್ಪು ಅಂತ ತೀರ್ಮಾನ ಮಾಡೋರು ಮಾತ್ರ ಮ್ಯಾನೇಜರ್. ನಾಲ್ಕು ತಿಂಗಳು ಒಗೆದ ಕಪ್ಪು ಪ್ಯಾಂಟು ಬೂದು ಬಣ್ಣಕ್ಕೆ ತಿರುಗಿದ್ದಕ್ಕೆ ನನ್ನನ್ನು ಒಮ್ಮೆ ಮನೆಗೆ ಕಳಿಸಿದ್ದರು. ಆ ದಿನದ ಸಂಬಳವೂ ಹೋಯಿತು. ಹಾಗಾಗಿ ಕೆಲಸಕ್ಕೆ ಸೇರುವ ದಿನವೇ ಎರಡು ವಿಷಯ ಕೇಳಿ: ಬಟ್ಟೆ ಯಾರು ಕೊಡಿಸುತ್ತಾರೆ, ಹಳೆಯದಾದರೆ ಯಾರು ಬದಲಾಯಿಸುತ್ತಾರೆ.

ಹಾಗಾದ್ರೆ ಯೂನಿಫಾರ್ಮೇ ಬೇಡ ಅಂತೀರಾ?

ಖಂಡಿತ ಇಲ್ಲ. ಒಳ್ಳೆಯ ಯೂನಿಫಾರ್ಮ್ ಕೆಲಸದವರನ್ನು ಕಾಯುತ್ತದೆ. ಬೆಳಿಗ್ಗೆ ಏನು ಹಾಕಲಿ ಅನ್ನೋ ಯೋಚನೆ ಇಲ್ಲ. ಸ್ವಂತ ಬಟ್ಟೆಗೆ ರಟ್ಟಿನ ಧೂಳು ಹತ್ತಲ್ಲ. ಯಾರ ಹತ್ತಿರ ಎಷ್ಟು ಬಟ್ಟೆ ಇದೆ ಅಂತ ಗೊತ್ತಾಗಲ್ಲ. ಹೊಸದಾಗಿ ಸೇರಿದವರಿಗೆ ಇದು ದೊಡ್ಡ ಸಮಾಧಾನ. ಗ್ರಾಹಕರಿಗೂ ಯಾರನ್ನು ಕೇಳಬೇಕು ಅಂತ ತಿಳಿಯುತ್ತದೆ. ನಾನು ವಿರೋಧ ಮಾಡೋದು ಕೆಲಸವನ್ನು ನೋಡದೆ ಆರಿಸಿದ ಬಟ್ಟೆಯನ್ನು.

ಹೊಸ ಬಟ್ಟೆ ಅಂದ್ಮೇಲೆ ಸ್ವಲ್ಪ ಬಿಗಿ ಇರುತ್ತೆ. ಇದು ನಿಜವಾಗ್ಲೂ ಸರಿಯಿಲ್ಲ ಅಂತ ಹೇಗೆ ಹೇಳೋದು?

ಕನ್ನಡಿ ಮುಂದೆ ನಿಂತು ನೋಡಬೇಡಿ. ಕೆಲಸ ಮಾಡಿ ನೋಡಿ. ಕುಕ್ಕರುಗಾಲಲ್ಲಿ ಕೂತು ಕೆಳಗಿನ ಶೆಲ್ಫಿಗೆ ಸಾಮಾನು ಜೋಡಿಸುವ ಹಾಗೆ ಐದು ನಿಮಿಷ ಇರಿ. ಪ್ಯಾಂಟು ಹಿಂದೆ ಕೆಳಗೆ ಜಾರುತ್ತದಾ? ಎರಡೂ ಕೈ ತಲೆಯ ಮೇಲೆತ್ತಿ. ಶರ್ಟು ಸೊಂಟದಿಂದ ಮೇಲೆ ಬಂದು ಹೊಟ್ಟೆ ಕಾಣುತ್ತದಾ? ಒಂದು ಪೆಟ್ಟಿಗೆಯನ್ನು ಎದೆಗೊತ್ತಿ ಹಿಡಿದು ಹತ್ತು ಹೆಜ್ಜೆ ನಡೆಯಿರಿ, ಗುಂಡಿ ಬಿಚ್ಚುತ್ತದಾ ನೋಡಿ. ಏಣಿಯ ಎರಡು ಮೆಟ್ಟಿಲು ಹತ್ತಿ. ಆಮೇಲೆ ಬಾಗಿ ನೆಲದಿಂದ ಏನಾದರೂ ಎತ್ತಿಕೊಳ್ಳಿ. ಕೆಲಸ ಮಾಡುತ್ತಾ ಒಂದು ಕೈ ಬಟ್ಟೆ ಸರಿಮಾಡಿಕೊಳ್ಳೋಕೇ ಹೋಗುತ್ತಿದ್ದರೆ ಅದು ಬಿಗಿ ಬಿಡುವ ವಿಷಯ ಅಲ್ಲ, ಬಟ್ಟೆಯೇ ಸರಿಯಿಲ್ಲ.

## ಬಟ್ಟೆ, ಶೂ, ಮೈ

ಅಂಗಡಿ ಪೂರ್ತಿ ಎಸಿ ಇದೆ. ಆದ್ರೂ ಈ ಶರ್ಟ್ ಹಾಕಿದ್ರೆ ಯಾಕಿಷ್ಟು ಬೆವರು?

ಶರ್ಟಿನ ಒಳಗಡೆ ಹೊಲಿದಿರುವ ಚೀಟಿ ನೋಡಿ. ಪಾಲಿಯೆಸ್ಟರ್ 100 ಅಂತ ಇದ್ದರೆ ಉತ್ತರ ಅಲ್ಲೇ ಇದೆ. ಹತ್ತಿ ತನ್ನ ಒಣ ತೂಕದ ಸುಮಾರು ಶೇ 8.5ರಷ್ಟು ತೇವವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯೋದು ಶೇ 0.4 ಮಾತ್ರ. ಅಂದರೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಶರ್ಟು ಬೆವರನ್ನು ಎಳೆದುಕೊಳ್ಳಲ್ಲ, ಗಾಳಿಯನ್ನೂ ಬಿಡಲ್ಲ. ಬೆವರು ಮೈ ಮೇಲೇ ಉಳಿಯುತ್ತದೆ, ವಾಸನೆ ಬಟ್ಟೆಯಲ್ಲಿ ಕೂರುತ್ತದೆ. ಆಟಗಾರರು ಹಾಕೋದೂ ಪಾಲಿಯೆಸ್ಟರೇ ಅಲ್ವಾ ಅಂತ ಕೇಳುತ್ತಾರೆ. ಹೌದು, ಆದರೆ ಅದು ಸಣ್ಣ ತೂತುಗಳಿರುವ ತೆಳು ಹೆಣಿಗೆ. ಅಗ್ಗದ ಶರ್ಟಿನ ನೇಯ್ಗೆಯೇ ಬೇರೆ.

ಇನ್ನೊಂದು ವಿಷಯ ಮರೆಯಬಾರದು. ಎಸಿ ಇರೋದು ಗ್ರಾಹಕರು ಓಡಾಡುವ ಜಾಗದಲ್ಲಿ. ಗೋಡೌನ್‌ನಲ್ಲಿ, ಲೋಡ್ ಇಳಿಸುವ ಬಾಗಿಲಲ್ಲಿ, ಮೆಟ್ಟಿಲ ಕೆಳಗಿನ ಸ್ಟಾಕ್ ಜಾಗದಲ್ಲಿ ಇರಲ್ಲ. ಅಲ್ಲಿ 20 ನಿಮಿಷ ಪೆಟ್ಟಿಗೆ ಎತ್ತಿ, ಒದ್ದೆ ಶರ್ಟಲ್ಲೇ ಎಸಿಗೆ ಬಂದು ನಿಲ್ಲಬೇಕು. ಫ್ರೀಜರ್ ವಿಭಾಗದವರ ಕಷ್ಟ ಇದಕ್ಕೆ ಉಲ್ಟಾ. ಮೈನಸ್ 18 ಡಿಗ್ರಿಯ ಪೆಟ್ಟಿಗೆಗಳಿಗೆ ಕೈ ಹಾಕೋರಿಗೂ ಅದೇ ಅರ್ಧ ತೋಳಿನ ಶರ್ಟು. ಮೇಲೆ ಸ್ವೆಟರ್ ಹಾಕಿದರೆ ಯೂನಿಫಾರ್ಮ್ ಮುಚ್ಚಿಹೋಗುತ್ತೆ ಅನ್ನುವ ತಕರಾರು. ಎಲ್ಲರೂ ಒಂದೇ ಥರ ಕಾಣಲಿ, ಬೇಡ ಅನ್ನಲ್ಲ. ಬಟ್ಟೆಯ ದಪ್ಪ ಮಾತ್ರ ಆಯಾ ವಿಭಾಗಕ್ಕೆ ತಕ್ಕಂತೆ ಇರಬೇಕು.

ಹೈ ಹೀಲ್ಸ್ ಹಾಕಲೇಬೇಕು ಅಂತಾರೆ. ಇದನ್ನ ಕೇಳೋರೇ ಇಲ್ವಾ?

ಇದ್ದಾರೆ. ಹಲವು ಕಡೆ ಕೇಳಿದ್ದಾರೆ, ಕೆಲವು ಕಡೆ ಗೆದ್ದೂ ಇದ್ದಾರೆ.

ಮೊದಲು ಮೈಗೆ ಏನಾಗುತ್ತದೆ ಅಂತ ನೋಡೋಣ. ಹಿಮ್ಮಡಿ ಎತ್ತರವಾದಷ್ಟೂ ಮೈಯ ಭಾರ ಪಾದದ ಮುಂಭಾಗಕ್ಕೆ, ಬೆರಳುಗಳ ಬುಡಕ್ಕೆ ಹೋಗುತ್ತದೆ. ಮೊಣಕಾಲು, ಸೊಂಟ ಅದಕ್ಕೆ ತಕ್ಕಂತೆ ಬಾಗಬೇಕು. ವರ್ಷಗಟ್ಟಲೆ ದಿನಾ ಹಾಕಿದರೆ ಮೀನಖಂಡದ ಸ್ನಾಯು ಗಿಡ್ಡವಾಗುತ್ತದೆ. ಆಮೇಲೆ ಬರಿಗಾಲಲ್ಲಿ ನಡೆದರೂ ಹಿಮ್ಮಡಿ ಎಳೆಯುತ್ತದೆ. ಸಂಜೆ ಎರಡು ಗಂಟೆ ಹಾಕೋದು ಬೇರೆ. ಎಂಟು ಗಂಟೆ ಟೈಲ್ಸ್ ಮೇಲೆ ನಿಂತು, ಮಧ್ಯೆ ಏಣಿಯನ್ನೂ ಹತ್ತೋದು ಬೇರೆ.

ಲಂಡನ್ನಿನಲ್ಲಿ 2015ರ ಡಿಸೆಂಬರಿನಲ್ಲಿ ನಿಕೋಲಾ ಥಾರ್ಪ್ ಎಂಬ ರಿಸೆಪ್ಷನಿಸ್ಟ್‌ಗೆ 2ರಿಂದ 4 ಇಂಚಿನ ಹೀಲ್ಸ್ ಹಾಕಿಕೊಂಡು ಬನ್ನಿ ಅಂದರು. ಆಕೆ ಒಪ್ಪಲಿಲ್ಲ. ಸಂಬಳ ಕೊಡದೆ ಮನೆಗೆ ಕಳಿಸಿದರು. ಆಕೆ ಶುರು ಮಾಡಿದ ಮನವಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. 2017ರಲ್ಲಿ ಸಂಸತ್ತಿನ ಸಮಿತಿಗಳ ವರದಿ ಬಂತು, ಚರ್ಚೆಯೂ ಆಯಿತು. ಹೊಸ ಕಾನೂನು ಬರಲಿಲ್ಲ, 2018ರಲ್ಲಿ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಕೆನಡಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ರಿಟಿಷ್ ಕೊಲಂಬಿಯಾ 2017ರ ಏಪ್ರಿಲ್‌ನಲ್ಲಿ, ಒಂಟಾರಿಯೊ ಅದೇ ವರ್ಷದ ಕೊನೆಗೆ ಹೀಲ್ಸ್ ಕಡ್ಡಾಯ ಮಾಡೋದನ್ನು ನಿಲ್ಲಿಸಿದವು. ಫಿಲಿಪೀನ್ಸ್ ಕೂಡ 2017ರಲ್ಲೇ ಆದೇಶ ಹೊರಡಿಸಿತು. ನಮಗೆ ಎಲ್ಲಕ್ಕಿಂತ ಹತ್ತಿರದ್ದು ಅದೇ, ಯಾಕೆಂದರೆ ಅದು ಅಂಗಡಿಗಳಲ್ಲಿ ನಿಂತು ಕೆಲಸ ಮಾಡುವ ಹೆಂಗಸರ ದೂರಿನಿಂದ ಬಂದದ್ದು. ಹೀಲ್ಸ್ ಕಡ್ಡಾಯ ಬೇಡ ಅಂತಷ್ಟೇ ಅಲ್ಲ, ಕೂರೋಕೆ ಜಾಗ, ನಿಂತವರಿಗೆ ಬಿಡುವು ಕೊಡಿ ಅಂತಲೂ ಹೇಳಿತು.

ಜಪಾನಿನಲ್ಲಿ 2019ರಲ್ಲಿ ಯೂಮಿ ಇಶಿಕಾವಾ ಶುರು ಮಾಡಿದ ಚಳವಳಿಯ ಹೆಸರು ಕುಟೂ. ಅಲ್ಲಿನ ಮಾತಲ್ಲಿ ಕುತ್ಸು ಅಂದರೆ ಶೂ, ಕುತ್ಸೂ ಅಂದರೆ ನೋವು. ಎರಡನ್ನೂ ಸೇರಿಸಿ, ಮೀ ಟೂ ನೆನಪಾಗುವ ಹಾಗೆ ಹೆಸರಿಟ್ಟರು. ಈ ಹೆಸರು ಮೊದಲ ಸಲ ಕೇಳಿದಾಗ ನನ್ನ ಹಳೆಯ ಶೂ ನೆನಪಾಗಿ ಕಣ್ಣಲ್ಲಿ ನೀರು ಬಂತು.

ನಮ್ಮದು ಫ್ಲಾಟ್ ಶೂನೇ. ಆದ್ರೂ ಸಂಜೆ ಹೊತ್ತಿಗೆ ಕಾಲು ಊದಿಕೊಂಡಿರುತ್ತೆ. ಯಾಕೆ?

ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ಆ ಪಂಪು ನಿಂತ ಹಾಗೆ. ರಕ್ತ, ನೀರಿನ ಅಂಶ ಎಲ್ಲ ಕೆಳಗೇ ಇಳಿದು ಕೂರುತ್ತದೆ. ಹಾಗಾಗಿ ಇದು ಬರೀ ಶೂ ವಿಷಯ ಅಲ್ಲ. ಜೊತೆಗೆ, ಡ್ರೆಸ್ ಕೋಡ್‌ಗೆ ಅಂತ ಕೊಳ್ಳುವ ಕಪ್ಪು ಫ್ಲಾಟ್‌ಗಳ ಸೋಲ್ ರಟ್ಟಿನಷ್ಟು ತೆಳು ಇರುತ್ತದೆ. ಹೀಲ್ಸ್ ಇಲ್ಲ ಅಂದ ಮಾತ್ರಕ್ಕೆ ಕಾಲಿಗೆ ಒಳ್ಳೆಯದು ಅಂತಲ್ಲ.

ನಿಮ್ಮ ಕೈಲಾಗುವುದು ಇಷ್ಟು. ಶೂ ಕೊಳ್ಳೋಕೆ ಸಂಜೆ ಹೋಗಿ, ಕಾಲು ಊದಿರುವ ಹೊತ್ತಲ್ಲಿ ಅಳತೆ ಸರಿಯಾಗಿ ಸಿಗುತ್ತದೆ. ಮುಂದುಗಡೆ ಬೆರಳು ಆಡಿಸೋಕೆ ಜಾಗ ಇರಲಿ. ಸೋಲ್ ರಬ್ಬರಿನದ್ದಾಗಿರಲಿ, ಒದ್ದೆ ನೆಲದಲ್ಲಿ ಜಾರಬಾರದು. ಎರಡು ಜೊತೆ ಇದ್ದರೆ ದಿನ ಬಿಟ್ಟು ದಿನ ಹಾಕಿ, ಒಳಗಿನ ಬೆವರು ಆರುತ್ತದೆ. ಕಾಲು ಒಂದೇ ಕಡೆ ಮಾತ್ರ ಊದಿದರೆ, ಕೆಂಪಾಗಿ ನೋಯುತ್ತಿದ್ದರೆ, ಶೂಗೆ ಬೈಯುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಅಂಗಡಿಯವರು ಮಾಡಬೇಕಾದದ್ದು ಕುರ್ಚಿ ಕೊಡೋದು. ಇದು ಹೊಸ ಬೇಡಿಕೆ ಅಲ್ಲ. ಬ್ರಿಟನ್ನಿನಲ್ಲಿ 1899ರಲ್ಲೇ ಅಂಗಡಿಯಲ್ಲಿ ಕೆಲಸ ಮಾಡುವ ಪ್ರತಿ ಮೂವರು ಹೆಂಗಸರಿಗೆ ಒಂದು ಆಸನ ಇಡಬೇಕು ಅಂತ ಕಾನೂನು ಬಂತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1964ರ 120ನೇ ಒಪ್ಪಂದ ಅಂಗಡಿ, ಆಫೀಸುಗಳಲ್ಲಿ ಸಾಕಷ್ಟು ಆಸನ ಇರಬೇಕು, ಅದರಲ್ಲಿ ಕೂರೋಕೆ ಅವಕಾಶವೂ ಇರಬೇಕು ಅನ್ನುತ್ತದೆ. ಈ ಎರಡನೇ ಮಾತು ಬಹಳ ಮುಖ್ಯ. ಕುರ್ಚಿ ಇಟ್ಟು, ಕೂತರೆ ಗದರಿಸುವ ಅಂಗಡಿಯಲ್ಲಿ ನಾನೇ ಕೆಲಸ ಮಾಡಿದ್ದೇನೆ. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೂರುವ ಹಕ್ಕು ಬಂತು. ತಮಿಳುನಾಡಿನಲ್ಲಿ 2021ರಲ್ಲಿ ಬಂತು.

ಪ್ಯಾಂಟಿಗೆ ಜೇಬೇ ಇಲ್ಲ. ಇದು ಬೇಕಂತಲೇ ಮಾಡಿದ್ದಾ?

ಕೆಲವು ಕಡೆ ಬೇಕಂತಲೇ. ಕಳ್ಳತನದ ಅನುಮಾನಕ್ಕೆ ಜೇಬು ಹೊಲಿದು ಮುಚ್ಚಿಸುತ್ತಾರೆ. ಕೆಲವು ಕಡೆ ಸುಮ್ನೆ ಯೋಚನೆ ಮಾಡಿರಲ್ಲ. ಆದರೆ ನಮ್ಮ ಕೆಲಸಕ್ಕೆ ಪೆನ್ನು ಬೇಕು, ಬೀಗದ ಕೈ ಬೇಕು, ರಟ್ಟು ಕುಯ್ಯುವ ಚಾಕು ಬೇಕು. ಜೇಬಿಲ್ಲದಿದ್ದರೆ ಆ ಚಾಕು ಎಲ್ಲಿ ಹೋಗುತ್ತದೆ? ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ಇಲ್ಲ ಶೆಲ್ಫ್ ಮೇಲೆ ಮರೆತು ಬರುತ್ತಾರೆ. ಅದು ಮಗುವಿನ ಕೈಗೆ ಸಿಗುತ್ತದೆ. ಆಸ್ತಮಾ ಇರುವವರು ಇನ್‌ಹೇಲರನ್ನು ಎರಡು ಮಹಡಿ ಕೆಳಗಿನ ಲಾಕರಿನಲ್ಲಿ ಇಟ್ಟು ಬರಬೇಕು ಅನ್ನೋದಂತೂ ಒಪ್ಪುವ ಮಾತೇ ಅಲ್ಲ. ಕಳ್ಳತನದ ಭಯ ಇದ್ದರೆ ಪಾರದರ್ಶಕ ಪೌಚ್ ಕೊಡಲಿ, ಇಲ್ಲ ಮುಂದೆ ತೆರೆದ ಜೇಬಿರುವ ಏಪ್ರನ್ ಕೊಡಲಿ.

ಟೈ, ಕುತ್ತಿಗೆ ಸ್ಕಾರ್ಫ್ ಅಪಾಯ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ?

ನನ್ನ ಪಕ್ಕದ ಕೌಂಟರಿನವರ ಸ್ಕಾರ್ಫ್ ತುದಿ ಸಾಮಾನು ಸಾಗುವ ಬೆಲ್ಟಿನ ಸಂದಿಗೆ ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಲ್ಟಿನ ವೇಗ ಕಡಿಮೆ ಇತ್ತು, ಯಾರೋ ತಕ್ಷಣ ಸ್ವಿಚ್ ಒತ್ತಿದರು. ಅವರ ಕುತ್ತಿಗೆಯ ಮೇಲೆ ಕೆಂಪು ಗೆರೆ ಮೂರು ದಿನ ಇತ್ತು. ಮರುದಿನವೂ ಅದೇ ಸ್ಕಾರ್ಫ್ ಕಟ್ಟಿಕೊಂಡೇ ಬರಬೇಕಾಯಿತು. ಈ ಪುಟ ಬರೆಯೋಕೆ ಕಾರಣಗಳಲ್ಲಿ ಅದೂ ಒಂದು.

ಅಂಗಡಿಯಲ್ಲಿ ತಿರುಗುವ ಯಂತ್ರಗಳು ಜಾಸ್ತಿನೇ ಇರುತ್ತವೆ: ಬೆಲ್ಟು, ರಟ್ಟು ಒತ್ತುವ ಯಂತ್ರ, ಹೋಳು ಮಾಡುವ ಯಂತ್ರ, ಎಸ್ಕಲೇಟರ್. ಜೋತಾಡುವ ಬಟ್ಟೆಗೂ ಇವಕ್ಕೂ ಆಗಿಬರಲ್ಲ. ಟೈ ಬೇಕೇ ಬೇಕು ಅಂದರೆ ಕ್ಲಿಪ್ ಟೈ ಕೊಡಲಿ, ಎಳೆದರೆ ಕಳಚಿಕೊಳ್ಳುತ್ತದೆ. ಐಡಿ ಕಾರ್ಡಿನ ಪಟ್ಟಿಯಲ್ಲೂ ಎಳೆದರೆ ಬಿಚ್ಚಿಕೊಳ್ಳುವ ಬಗೆ ಸಿಗುತ್ತದೆ, ಅದನ್ನೇ ಕೇಳಿ. ಯಂತ್ರದ ಹತ್ತಿರ ಕೆಲಸ ಇದ್ದರೆ ಉಂಗುರ, ಬಳೆ, ಬಿಚ್ಚಿದ ಕೂದಲಿಗೂ ಇದೇ ಮಾತು. ಇಲ್ಲಿ ಕೂದಲು ಕಟ್ಟಿ ಅನ್ನುವ ಮ್ಯಾನೇಜರ್ ಪರ ನಾನಿದ್ದೇನೆ.

ಎರಡೇ ಜೊತೆ ಕೊಟ್ಟಿದ್ದಾರೆ, ಅದೂ ತಿಳಿ ಬಣ್ಣ. ದಿನಾ ರಾತ್ರಿ ಒಗೆಯೋದೇ ಕೆಲಸ ಆಗಿದೆ. ಎಷ್ಟು ಜೊತೆ ಕೇಳಬಹುದು?

ವಾರಕ್ಕೆ ಐದಾರು ದಿನ ಕೆಲಸ ಇದ್ದರೆ ಕಡಿಮೆ ಅಂದರೂ ಮೂರು ಶರ್ಟು, ಎರಡು ಪ್ಯಾಂಟು ಬೇಕು. ಒಂದು ಮೈಮೇಲೆ, ಒಂದು ಒಣಗೋಕೆ, ಒಂದು ಸಿದ್ಧವಾಗಿ. ರಾತ್ರಿ ಹತ್ತಕ್ಕೆ ಶಿಫ್ಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮತ್ತೆ ಹೋಗುವವರಿಗೆ ಬಟ್ಟೆ ಒಣಗೋದೇ ಇಲ್ಲ. ಒದ್ದೆ ಬಟ್ಟೆಯನ್ನು ಇಸ್ತ್ರಿ ಮಾಡಿ ಹಾಕಿಕೊಂಡು ಹೋಗಿರುವ ಎಷ್ಟೋ ಜನ ನನಗೆ ಗೊತ್ತು.

ಬಣ್ಣದ ಬಗ್ಗೆ ಹೆಂಗಸರು ಬಾಯಿಬಿಟ್ಟು ಹೇಳದ ಒಂದು ಕಾರಣ ಇದೆ. ಅದನ್ನು ನಾನೇ ಹೇಳುತ್ತೇನೆ. ಮುಟ್ಟಿನ ದಿನಗಳಲ್ಲಿ ಬಿಳಿ ಅಥವಾ ತಿಳಿ ಬಣ್ಣದ ಪ್ಯಾಂಟು ಹಾಕಿ ಎಂಟು ಗಂಟೆ ನಿಲ್ಲೋದು ಹಿಂಸೆ. ಕೌಂಟರ್ ಬಿಟ್ಟು ಟಾಯ್ಲೆಟ್‌ಗೆ ಹೋಗೋಕೂ ಅನುಮತಿ ಕೇಳಬೇಕಾದ ಕಡೆ ಇನ್ನೂ ಕಷ್ಟ. ಬಿಳಿ ಬಟ್ಟೆಗೆ ಹೆಸರಾದ ವಿಂಬಲ್ಡನ್ ಕೂಡ 2023ರಿಂದ ಆಟಗಾರ್ತಿಯರು ಒಳಗೆ ಗಾಢ ಬಣ್ಣದ ಚಡ್ಡಿ ಹಾಕಬಹುದು ಅಂತ ನಿಯಮ ಬದಲಾಯಿಸಿತು. ಅಷ್ಟು ಹಳೆಯ ನಿಯಮವೇ ಬದಲಾದ ಮೇಲೆ ಒಂದು ಅಂಗಡಿಯ ಪ್ಯಾಂಟಿನ ಬಣ್ಣ ಬದಲಾಗಬಾರದಾ?

ಗರ್ಭಿಣಿ ಇದ್ದೀನಿ. ಇರೋದ್ರಲ್ಲೇ ದೊಡ್ಡ ಸೈಜ್ ಹಾಕ್ಕೊಳ್ಳಿ ಅಂತಾರೆ. ಸರಿನಾ?

ಸರಿಯಲ್ಲ. ದೊಡ್ಡ ಸೈಜಿನ ಶರ್ಟಿಗೆ ಭುಜ, ತೋಳು ಕೂಡ ದೊಡ್ಡದಾಗುತ್ತದೆ, ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯ ಹತ್ತಿರ ಎಲಾಸ್ಟಿಕ್ ಇರುವ ಪ್ಯಾಂಟು, ಸಡಿಲ ಟಾಪ್ ಕೇಳಿ. ಆ ಬಗೆ ಸಿಗಲ್ಲ ಅಂದರೆ ಅದೇ ಬಣ್ಣದ ಸ್ವಂತ ಬಟ್ಟೆ ಹಾಕೋಕೆ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ತಿಂಗಳು ತುಂಬುತ್ತಾ ಬಂದ ಹಾಗೆ ಶೂ ಅಳತೆಯೂ ಬದಲಾಗಬಹುದು, ಅದನ್ನೂ ಅದೇ ಪತ್ರದಲ್ಲಿ ಸೇರಿಸಿ.

## ದುಡ್ಡಿನ ಪ್ರಶ್ನೆ

ಯೂನಿಫಾರ್ಮ್ ದುಡ್ಡನ್ನ ಸಂಬಳದಲ್ಲಿ ಹಿಡಿದ್ರು. ಹಾಗೆ ಹಿಡಿಯಬಹುದಾ?

ಇದು ನೀವಿರುವ ಕಡೆಯ ಕಾನೂನಿನ ಮೇಲೆ ಹೋಗುತ್ತದೆ. ಆದರೆ ಹಲವು ದೇಶಗಳಲ್ಲಿ ಗೆರೆ ಎಳೆದಿರೋದು ಒಂದೇ ಜಾಗದಲ್ಲಿ, ಕನಿಷ್ಠ ವೇತನದಲ್ಲಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಯೂನಿಫಾರ್ಮ್ ಖರ್ಚು ಹಿಡಿದ ಮೇಲೆ ಉಳಿದ ಕೂಲಿ ಗಂಟೆಗೆ 7.25 ಡಾಲರಿಗಿಂತ ಕೆಳಗೆ ಇಳಿಯಬಾರದು. ಬ್ರಿಟನ್ನಿನಲ್ಲಿ ಇದು ಡ್ರೆಸ್ ಕೋಡ್‌ಗೂ ಹೊಂದುತ್ತದೆ. ಇಂಥದ್ದೇ ಬಣ್ಣದ ಪ್ಯಾಂಟು, ಶೂ ತನ್ನಿ ಅಂತ ಕಡ್ಡಾಯ ಮಾಡಿದರೆ ಆ ಖರ್ಚನ್ನೂ ಕಳೆದೇ ಕನಿಷ್ಠ ವೇತನದ ಲೆಕ್ಕ ನೋಡಬೇಕು. ನನ್ನ ಬಟ್ಟೆ, ನಾನೇ ಕೊಂಡೆ ಅಂತ ಸುಮ್ಮನಾಗುವವರು ಇದನ್ನು ಗಮನಿಸಬೇಕು.

ಬಟ್ಟೆ ಮಾರುವ ಅಂಗಡಿಗಳಲ್ಲಿ ಇನ್ನೊಂದು ಬಗೆ ಇದೆ. ಯೂನಿಫಾರ್ಮ್ ಇಲ್ಲ ಅನ್ನುತ್ತಾರೆ, ಆದರೆ ಅಂಗಡಿಯದೇ ಬಟ್ಟೆ ಕೊಂಡು ಹಾಕಿಕೊಳ್ಳಿ ಅನ್ನುತ್ತಾರೆ. ಸ್ವಲ್ಪ ರಿಯಾಯಿತಿಯೂ ಕೊಡುತ್ತಾರೆ. ಹೊಸ ಸೀಸನ್ ಬಂದಾಗೆಲ್ಲ ಮತ್ತೆ ಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಬರ್‌ಕ್ರಾಂಬಿ ಅಂಡ್ ಫಿಚ್ ಮೇಲೆ ಇದೇ ದೂರು ಬಂದು, 2003ರಲ್ಲಿ ಕಂಪನಿ 22 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಹಾಕಿಕೊಳ್ಳಲೇಬೇಕು ಅಂದ ಮೇಲೆ ಅದೂ ಯೂನಿಫಾರ್ಮೇ, ಬೇರೆ ಹೆಸರಿಟ್ಟರೆ ಬದಲಾಗಲ್ಲ.

ಕೆಲಸ ಬಿಟ್ಟಾಗ ಯೂನಿಫಾರ್ಮ್ ವಾಪಸ್ ಕೊಟ್ರೂ ಡೆಪಾಸಿಟ್ ಕೊಡ್ಲಿಲ್ಲ. ಏನ್ಮಾಡ್ಲಿ?

ಮುಂದಿನ ಸಲಕ್ಕೆ: ಬಟ್ಟೆ ತೆಗೆದುಕೊಳ್ಳುವ ದಿನ ಮತ್ತು ಹಿಂದಿರುಗಿಸುವ ದಿನ ಎರಡೂ ಸಲ ಫೋಟೋ ತೆಗೆದು, ಎಷ್ಟು ತುಂಡು ಅಂತ ಬರೆದು, ಸಹಿ ಹಾಕಿಸಿಕೊಳ್ಳಿ. ಈ ಸಲಕ್ಕೆ: ಎಷ್ಟು ಬಾಕಿ ಅಂತ ಮೊತ್ತ, ದಿನಾಂಕ ಹಾಕಿ ಒಂದು ಮೇಲ್ ಕಳಿಸಿ, ಅದಕ್ಕೆ ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ಅದೇ ಮೇಲಿನ ಪ್ರತಿ ಸೇರಿಸಿ ದೂರು ಕೊಡಿ. ಬಳಸಿ ಸವೆದದ್ದು ಬೇರೆ, ಹಾಳು ಮಾಡಿದ್ದು ಬೇರೆ. ಕಾಲರ್ ಸವೆದಿದೆ ಅಂತ ದುಡ್ಡು ಹಿಡಿದರೆ ಒಪ್ಪಬೇಡಿ.

## ಗಂಡು, ಹೆಣ್ಣು, ನಂಬಿಕೆ

ಹೆಂಗಸರಿಗೆ ಮೇಕಪ್ ಕಡ್ಡಾಯ, ಗಂಡಸರಿಗೆ ಶೇವ್ ಮಾಡಿದ್ರೆ ಸಾಕು. ಇದು ಭೇದ ಭಾವ ಅಲ್ವಾ?

ನನ್ನ ಪ್ರಕಾರ ಹೌದು. ಮೇಕಪ್‌ಗೆ ದುಡ್ಡು ಬೇಕು, ಬೆಳಿಗ್ಗೆ ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆಗೆ ಸಂಬಳ ಇಲ್ಲ. ಆದರೆ ಕೋರ್ಟುಗಳು ಯಾವಾಗಲೂ ಹೀಗೆ ನೋಡಿಲ್ಲ ಅನ್ನೋದೂ ನಿಮಗೆ ಗೊತ್ತಿರಬೇಕು. ಅಮೆರಿಕದಲ್ಲಿ ಬಾರ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಮೇಕಪ್ ನಿಯಮ ಒಪ್ಪದೆ ಕೆಲಸ ಕಳೆದುಕೊಂಡು ಕೇಸು ಹಾಕಿದ್ದರು. 2006ರಲ್ಲಿ ಮೇಲ್ಮನವಿ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು. ಹೆಂಗಸರ ಮೇಲೆ ಹೆಚ್ಚಿನ ಹೊರೆ ಬೀಳುತ್ತದೆ ಅನ್ನೋದಕ್ಕೆ ಸಾಕ್ಷಿ ಸಾಲದು ಅಂತ. ಇದರಿಂದ ನಾನು ಕಲಿತದ್ದು: ಬೇಜಾರಾಗುತ್ತೆ ಅಂತಷ್ಟೇ ಹೇಳಿದರೆ ಸಾಲದು. ತಿಂಗಳಿಗೆ ಎಷ್ಟು ಖರ್ಚು, ದಿನಕ್ಕೆ ಎಷ್ಟು ನಿಮಿಷ, ಬರೆದಿಡಿ.

ಕನ್ನಡಕದ ಕಥೆಯೂ ಇದೆ. ಜಪಾನಿನಲ್ಲಿ ಕೆಲವು ಅಂಗಡಿಗಳು ಹೆಂಗಸರು ಕನ್ನಡಕ ಹಾಕಿದರೆ ಮುಖ ಬಿಗಿಯಾಗಿ ಕಾಣುತ್ತದೆ ಅಂತ ಬೇಡ ಅನ್ನುತ್ತಿದ್ದದ್ದು 2019ರ ನವೆಂಬರಿನಲ್ಲಿ ಸುದ್ದಿಯಾಗಿ ದೊಡ್ಡ ಗಲಾಟೆ ಆಯಿತು. ಬಿಲ್ ಓದೋಕೆ ಕಣ್ಣು ಬೇಕಲ್ಲ?

ತಲೆವಸ್ತ್ರ, ಪೇಟ, ಜಡೆ ಇವನ್ನ ಅಂಗಡಿ ಬೇಡ ಅನ್ನಬಹುದಾ?

ಒಂದೊಂದು ಕಡೆ ಒಂದೊಂದು ಉತ್ತರ. ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ, ಮೇಲೆ ಹೇಳಿದ ಅದೇ ಅಬರ್‌ಕ್ರಾಂಬಿ ಮೇಲಿನ ಕೇಸಿನಲ್ಲಿ, ಅರ್ಜಿ ಹಾಕಿದವರ ಪರ ತೀರ್ಪು ಕೊಟ್ಟಿತು. ಸಮಂತಾ ಎಲಾಫ್ ಎಂಬ ಹುಡುಗಿ ತಲೆವಸ್ತ್ರ ಹಾಕಿ ಸಂದರ್ಶನಕ್ಕೆ ಹೋಗಿದ್ದಳು, ಕಂಪನಿಯ ಡ್ರೆಸ್ ಕೋಡ್‌ಗೆ ಅದು ಹೊಂದಲ್ಲ ಅಂತ ಕೆಲಸ ಕೊಡಲಿಲ್ಲ. ಆಕೆ ಬಾಯಿಬಿಟ್ಟು ವಿನಾಯಿತಿ ಕೇಳಿರಲಿಲ್ಲ ಅನ್ನುವ ಕಂಪನಿಯ ವಾದ ನಿಲ್ಲಲಿಲ್ಲ. ಅವಳ ನಂಬಿಕೆಗೆ ಜಾಗ ಮಾಡಿಕೊಡೋದನ್ನು ತಪ್ಪಿಸಿಕೊಳ್ಳೋಕೇ ಕೆಲಸ ನಿರಾಕರಿಸಿದರೆ ಸಾಕು, ಅದು ತಪ್ಪು ಅಂತ ಕೋರ್ಟು ಹೇಳಿತು.

ಯುರೋಪಿನಲ್ಲಿ ಬೇರೆ ದಾರಿ. 2021ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಧರ್ಮದ ಯಾವ ಗುರುತೂ ಬೇಡ ಅನ್ನುವ ನಿಯಮಕ್ಕೆ ನಿಜವಾದ ಅಗತ್ಯ ಇದೆ ಅಂತ ತೋರಿಸಿದರೆ ಅದನ್ನು ಒಪ್ಪಬಹುದು ಅಂದಿತು. ಆದರೆ ಎಲ್ಲರಿಗೂ ಒಂದೇ ಥರ ಇರಬೇಕು. ದೊಡ್ಡದಾಗಿ ಕಾಣುವ ಗುರುತಿಗೆ ಮಾತ್ರ ನಿಷೇಧ, ಚಿಕ್ಕದಕ್ಕೆ ಇಲ್ಲ ಅಂದರೆ ಅದು ನೇರ ಭೇದ ಭಾವ ಆಗಬಹುದು. ಆ ತೀರ್ಪು ಎರಡು ಕೇಸುಗಳಿಗೆ ಸೇರಿ ಬಂದದ್ದು, ಅವುಗಳಲ್ಲಿ ಒಂದು ಜರ್ಮನಿಯ ಒಂದು ಅಂಗಡಿಯ ಕ್ಯಾಷಿಯರದ್ದು. ಕೂದಲಿನ ವಿಷಯದಲ್ಲಿ ಕ್ಯಾಲಿಫೋರ್ನಿಯಾ 2019ರಲ್ಲಿ ಕಪ್ಪು ಜನರ ಜಡೆ, ಗುಂಗುರು ಕೂದಲಿನ ಶೈಲಿಗಳ ಮೇಲೆ ಭೇದ ಮಾಡಬಾರದು ಅಂತ ಕಾನೂನು ತಂದಿತು, ಆಮೇಲೆ ಬೇರೆ ರಾಜ್ಯಗಳೂ ತಂದವು. ನನ್ನ ಮಾತು ಕೇಳಿದರೆ, ಬಿಲ್ ಹಾಕುವ ಕೈಗೂ ತಲೆಯ ಮೇಲಿನ ಬಟ್ಟೆಗೂ ಸಂಬಂಧ ಇಲ್ಲ. ಯೂನಿಫಾರ್ಮಿನ ಬಣ್ಣದ್ದೇ ತಲೆವಸ್ತ್ರ ಕೊಟ್ಟರೆ ಮುಗಿಯಿತು.

## ಮುಂದೇನು ಮಾಡೋದು

ಕೇಳಿದ್ರೆ ಕೆಲಸಾನೇ ಹೋಗುತ್ತೆ ಅನ್ನೋ ಭಯ. ಹೇಗೆ ಕೇಳೋದು?

ಭಯ ನಿಜ. ಅದನ್ನು ಸಣ್ಣದು ಮಾಡಲ್ಲ. ಆದರೆ ಕೇಳುವ ಬಗೆಯಲ್ಲಿ ವ್ಯತ್ಯಾಸ ಆಗುತ್ತದೆ.

ಒಬ್ಬರೇ ಹೋಗಬೇಡಿ. ಒಬ್ಬರು ಹೋದರೆ ಅವರಿಗೆ ತಕರಾರಿನವರು ಅಂತ ಹೆಸರು ಬೀಳುತ್ತದೆ, ಆರು ಜನ ಸಹಿ ಹಾಕಿದ ಚೀಟಿ ಹೋದರೆ ಅದು ಅಂಗಡಿಯ ಸಮಸ್ಯೆ ಅನ್ನಿಸಿಕೊಳ್ಳುತ್ತದೆ. ಹೋಗುವ ಮುಂಚೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆಯಿರಿ: ಯಾವ ದಿನ, ಯಾರಿಗೆ, ಏನು ಮಾಡುವಾಗ, ಏನಾಯಿತು. ಮಂಗಳವಾರ ಏಣಿ ಇಳಿಯುವಾಗ ಸ್ಕರ್ಟು ಸಿಕ್ಕಿಕೊಂಡಿತು ಅನ್ನುವ ಒಂದು ಸಾಲಿಗೆ ಇರುವ ಬೆಲೆ, ಯೂನಿಫಾರ್ಮ್ ಚೆನ್ನಾಗಿಲ್ಲ ಅನ್ನುವ ಹತ್ತು ಸಾಲಿಗೆ ಇಲ್ಲ.

ಒಂದೇ ಒಂದು ಬದಲಾವಣೆ ಕೇಳಿ. ಅದೂ ಕಡಿಮೆ ಖರ್ಚಿನದ್ದು. ಉದಾಹರಣೆಗೆ ಹೀಗೆ ಬರೆಯಬಹುದು: "ಸರ್, ಗೋಡೌನ್ ಶಿಫ್ಟಿನಲ್ಲಿ ಟೈ ಬಿಟ್ಟು ಕೆಲಸ ಮಾಡಲು ಅನುಮತಿ ಕೊಡಿ. ಕಳೆದ ಎರಡು ವಾರದಲ್ಲಿ ಮೂರು ಸಲ ಟೈ ತಳ್ಳುಗಾಡಿಗೆ ಸಿಕ್ಕಿಕೊಂಡಿದೆ. ಒಂದು ತಿಂಗಳು ಪ್ರಯೋಗ ಮಾಡಿ ನೋಡೋಣ. ಅಂಗಡಿಯೊಳಗೆ ಬರುವಾಗ ಟೈ ಕಟ್ಟಿಕೊಳ್ಳುತ್ತೇವೆ." ಪ್ರಯೋಗ ಅನ್ನುವ ಮಾತು ಮುಖ್ಯ. ತಾನು ಸೋತೆ ಅಂತ ಮ್ಯಾನೇಜರಿಗೆ ಅನ್ನಿಸಲ್ಲ. ನಮ್ಮ ಅಂಗಡಿಯಲ್ಲಿ ಕಪ್ಪು ಸ್ಪೋರ್ಟ್ಸ್ ಶೂ ಬಂದದ್ದು ಹೀಗೆಯೇ. ಒಂದು ತಿಂಗಳಿಗೆ ಅಂತ ಬಿಟ್ಟರು, ಆಮೇಲೆ ಯಾರೂ ಅದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಡಾಕ್ಟರ ಚೀಟಿ ಇದ್ದರೆ ಜೊತೆಗಿಡಿ. ಸಂಘ ಇದ್ದರೆ ಅವರ ಮೂಲಕ ಹೋಗಿ. ಬಾಯಿಮಾತಲ್ಲಿ ಒಪ್ಪಿದರೆ ಅದೇ ದಿನ ಒಂದು ಮೆಸೇಜ್ ಹಾಕಿ, ಒಪ್ಪಿದ್ದಕ್ಕೆ ಥ್ಯಾಂಕ್ಸ್ ಅಂತ. ಅದೇ ದಾಖಲೆ.

ಬ್ಯಾಡ್ಜ್ ಮೇಲೆ ಪೂರ್ತಿ ಹೆಸರು ಹಾಕಿಸ್ತಾರೆ. ಗ್ರಾಹಕರೊಬ್ಬರು ಫೋನಲ್ಲಿ ಹುಡುಕಿ ಮೆಸೇಜ್ ಮಾಡಿದ್ರು. ಇದೂ ಡ್ರೆಸ್ ಕೋಡ್ ವಿಷಯನಾ?

ಹೌದು, ಮೈ ಮೇಲೆ ಹಾಕಿಸುವ ಎಲ್ಲವೂ ಅದರೊಳಗೇ ಬರುತ್ತದೆ. ಹೆಸರಿನ ಮೊದಲ ಭಾಗ ಸಾಕು, ಇಲ್ಲ ಒಂದು ನಂಬರ್ ಸಾಕು. ದೂರು ಕೊಡಬೇಕಾದ ಗ್ರಾಹಕರಿಗೆ ಬಿಲ್ಲಿನಲ್ಲೇ ಕ್ಯಾಷಿಯರ್ ನಂಬರ್ ಇರುತ್ತದೆ. ಬ್ಯಾಡ್ಜ್ ಎದೆಯ ಮೇಲೆ ಅಲ್ಲ, ಭುಜದ ಹತ್ತಿರ ಇರಲಿ. ಆಫರ್ ಬಂದಾಗ ಹಾಕಿಸುವ ಟೀ ಶರ್ಟುಗಳ ಎದೆ ಮೇಲಿನ ಬರಹಗಳೂ ಹಾಗೆಯೇ. ಎರಡು ಅರ್ಥ ಬರುವ ಸಾಲನ್ನು ಹಾಕಿಸಿ ನಿಲ್ಲಿಸಿದರೆ ದಿನವಿಡೀ ಅದಕ್ಕೆ ಮಾತು ಕೇಳಬೇಕಾದವರು ನಾವು. ಅಂಥ ಟೀ ಶರ್ಟ್ ಬೇಡ ಅನ್ನೋಕೆ ಹಿಂಜರಿಯಬೇಡಿ. ಆ ಗ್ರಾಹಕರ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಮ್ಯಾನೇಜರಿಗೆ ಕಳಿಸಿ.

ನಾನೇ ಅಂಗಡಿ ಇಟ್ಟಿದ್ದೀನಿ. ನೀಟಾಗೂ ಕಾಣಬೇಕು, ಜಾಸ್ತಿ ದುಡ್ಡೂ ಇಲ್ಲ. ಏನು ಕೊಡಲಿ?

ಇದನ್ನು ಕೇಳಿದ್ದಕ್ಕೇ ನಿಮ್ಮ ಮೇಲೆ ಗೌರವ ಬಂತು. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಅನುಕೂಲದ ಯೂನಿಫಾರ್ಮ್ ಅಂದರೆ ಗಾಢ ಬಣ್ಣದ ಏಪ್ರನ್. ಮುಂದೆ ಎರಡು ದೊಡ್ಡ ಜೇಬು, ಹಿಂದೆ ಕಟ್ಟುವ ದಾರ. ಒಳಗೆ ಅವರ ಸ್ವಂತ ಬಟ್ಟೆ, ಬಣ್ಣ ಯಾವುದಾದರೂ ಸರಿ. ದೂರದಿಂದಲೇ ಗುರುತು ಸಿಗುತ್ತದೆ, ಎಲ್ಲ ಮೈಕಟ್ಟಿನವರಿಗೂ ಆಗುತ್ತದೆ, ಕೆಲಸ ಬಿಟ್ಟವರ ಏಪ್ರನ್ ಒಗೆದು ಇನ್ನೊಬ್ಬರಿಗೆ ಕೊಡಬಹುದು.

ಶರ್ಟೇ ಬೇಕು ಅಂದರೆ ಹತ್ತಿ ಜಾಸ್ತಿ ಇರುವ ಮಿಶ್ರ ಬಟ್ಟೆ ನೋಡಿ, ಒಗೆಯೋದೂ ಸುಲಭ. ಐವತ್ತು ಶರ್ಟು ಒಟ್ಟಿಗೆ ಆರ್ಡರ್ ಕೊಡಬೇಡಿ. ಮೊದಲು ಮೂರು ತರಿಸಿ, ಬೇರೆ ಬೇರೆ ಮೈಕಟ್ಟಿನ ಮೂವರಿಗೆ ಎರಡು ವಾರ ಹಾಕಿಸಿ, ಅವರಲ್ಲಿ ಒಬ್ಬರು ಗೋಡೌನ್‌ನವರಾಗಿರಲಿ. ದಿನ ಬಿಟ್ಟು ದಿನ ಒಗೆಸಿ. ಬಣ್ಣ, ಹೊಲಿಗೆ, ಅಳತೆ ಮೂರೂ ಗೊತ್ತಾಗುತ್ತದೆ. ನೀವೂ ಒಂದು ಪೂರ್ತಿ ದಿನ ಅದನ್ನೇ ಹಾಕಿಕೊಂಡು ಸ್ಟಾಕ್ ಇಳಿಸಿ. ಶೂಗೆ ಬ್ರಾಂಡ್ ಹೇಳಬೇಡಿ. ಕಪ್ಪು, ಬೆರಳು ಮುಚ್ಚಿರಬೇಕು, ಜಾರಬಾರದು ಅಂತ ಮೂರು ಮಾತು ಸಾಕು.

ನಾವು ಗ್ರಾಹಕರು. ನಮ್ಮಿಂದ ಏನಾದ್ರೂ ಆಗುತ್ತಾ?

ಆಗುತ್ತದೆ. ಕ್ಯಾಷಿಯರ್ ಕೂತಿದ್ದರೆ, ಕಪ್ಪು ಸ್ಪೋರ್ಟ್ಸ್ ಶೂ ಹಾಕಿದ್ದರೆ, ಟೈ ಬಿಚ್ಚಿದ್ದರೆ ಅದರ ಬಗ್ಗೆ ಮಾತಾಡಬೇಡಿ. ನಾನು ಕೆಲಸ ಮಾಡಿದ ಅಂಗಡಿಯಲ್ಲಿ ಕುರ್ಚಿಗಳನ್ನು ತೆಗೆಸಿದ್ದು ಗ್ರಾಹಕರೊಬ್ಬರ ಒಂದು ಸಾಲಿನ ದೂರು: ಬಿಲ್ಲಿಂಗ್‌ನವರು ಕೂತೇ ಮಾತಾಡಿಸುತ್ತಾರೆ, ಮರ್ಯಾದೆ ಇಲ್ಲ. ಅದೇ ದೂರಿನ ಪುಸ್ತಕದಲ್ಲಿ ನೀವೂ ಬರೆಯಬಹುದು. ಕೌಂಟರಿನವರಿಗೆ ಕುರ್ಚಿ ಕೊಡಿ ಅಂತ ಬರೆಯಿರಿ, ದಿನಾಂಕ ಹಾಕಿ. ಕೆಲಸದವರ ಹೆಸರು ಮಾತ್ರ ಬರೆಯಬೇಡಿ, ಅವರೇ ಹೇಳಿಕೊಟ್ಟು ಬರೆಸಿದರು ಅಂತ ಅನುಮಾನ ಬರುತ್ತದೆ.